ಮಂಡಿ ನೋವು ಅಂತ ಕೂತೇ ಇದ್ರೆ ನೋವು ಹೆಚ್ಚಾಗುತ್ತೆ: ಅಂಗಡಿಯವರು, ಅಡಿಕೆ ಸುಲಿಯೋರು ತಿಳ್ಕೋಬೇಕಾದ್ದು ಇಲ್ಲಿದೆ

ಸಾಗರ: ನಮ್ಮ ತಾಲೂಕಲ್ಲಿ ಮಂಡಿ ಅಂದ್ರೆ ಎರಡು ಅರ್ಥ. ಒಂದು ಅಡಿಕೆ ಮಂಡಿ. ಇನ್ನೊಂದು ಐವತ್ತು ದಾಟಿದ ಮೇಲೆ ಮೆಟ್ಟಿಲು ಹತ್ತುವಾಗ ಕಟಕಟ ಅನ್ನೋ ಮಂಡಿ. ಮೊದಲನೆಯದರ ರೇಟು ದಿನಾ ಏರಿಳಿಯುತ್ತೆ. ಎರಡನೆಯದರ ನೋವು ಮಾತ್ರ ಏರ್ತಾನೇ ಹೋಗುತ್ತೆ ಅನ್ನೋದು ಬಹಳ ಜನರ ನಂಬಿಕೆ. ಆದರೆ ಇದು ಪೂರ್ತಿ ನಿಜ ಅಲ್ಲ.

ಕೀಲು ನೋವು ಶುರುವಾದ ಕೂಡಲೇ ಮನೆಯವರು, ಪಕ್ಕದ ಅಂಗಡಿಯವರು ಎಲ್ಲರೂ ಹೇಳೋದು ಒಂದೇ ಮಾತು: 'ಕಾಲಿಗೆ ರೆಸ್ಟ್ ಕೊಡಿ, ಜಾಸ್ತಿ ಓಡಾಡಬೇಡಿ.' ಇದನ್ನು ಕೇಳಿ ಗಲ್ಲಾದ ಹಿಂದೆ ಬೆಳಿಗ್ಗೆ ಕೂತವರು ರಾತ್ರಿ ಶಟರ್ ಎಳೆಯೋವರೆಗೂ ಏಳಲ್ಲ. ವೈದ್ಯಕೀಯ ಮಾರ್ಗಸೂಚಿಗಳು ಹೇಳೋದು ಇದಕ್ಕೆ ಉಲ್ಟಾ. ಮಂಡಿ ಸವೆತಕ್ಕೆ ಮೊದಲ ಚಿಕಿತ್ಸೆ ವ್ಯಾಯಾಮ ಮತ್ತು ತೂಕ ಇಳಿಸೋದು. ಮಾತ್ರೆ, ಇಂಜೆಕ್ಷನ್, ಆಪರೇಷನ್ ಎಲ್ಲಾ ಆಮೇಲೆ ಬರೋದು. ಯಾಕೆ ಹೀಗೆ, ದಿನಾ ಏನು ಮಾಡ್ಬಹುದು, ಎಲ್ಲಿ ಎಚ್ಚರ ಬೇಕು ಅನ್ನೋದನ್ನ ಒಂದೊಂದಾಗಿ ನೋಡೋಣ.

ಮೊದಲು ಯಾವ ನೋವು ಅಂತ ತಿಳ್ಕೊಳ್ಳಿ

ಆರ್ಥ್ರೈಟಿಸ್ ಅನ್ನೋದು ಒಂದೇ ಕಾಯಿಲೆ ಅಲ್ಲ. ಕೀಲಿಗೆ ಸಂಬಂಧಪಟ್ಟ ನೂರಕ್ಕೂ ಹೆಚ್ಚು ತೊಂದರೆಗಳಿಗೆ ಇಟ್ಟಿರೋ ಒಟ್ಟು ಹೆಸರು ಅದು. ನಾವು ಹೆಚ್ಚಾಗಿ ನೋಡೋದು ಈ ಕೆಲವನ್ನ.

ಸವೆತದ ನೋವು: ಇದನ್ನ ಡಾಕ್ಟರು ಆಸ್ಟಿಯೋಆರ್ಥ್ರೈಟಿಸ್ ಅಂತಾರೆ. ಮಂಡಿ, ಸೊಂಟದ ಕೀಲು, ಬೆರಳ ತುದಿ, ಹೆಬ್ಬೆರಳ ಬುಡದಲ್ಲಿ ಬರೋದು ಹೆಚ್ಚು. ಬೆಳಿಗ್ಗೆ ಎದ್ದಾಗ ಕೀಲು ಹಿಡಿದುಕೊಂಡಿರುತ್ತೆ, ಆದರೆ ಅರ್ಧ ಗಂಟೆಯೊಳಗೆ ಸಡಿಲ ಆಗುತ್ತೆ. ಕೆಲಸ ಮಾಡಿದಷ್ಟೂ ಸಂಜೆ ಹೊತ್ತಿಗೆ ನೋವು ಜಾಸ್ತಿ.

ರುಮಟಾಯ್ಡ್ ಆರ್ಥ್ರೈಟಿಸ್: ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿ ಬೀಳೋದ್ರಿಂದ ಬರುವ ಕಾಯಿಲೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮೂವತ್ತು ನಲವತ್ತರ ವಯಸ್ಸಲ್ಲೂ ಬರುತ್ತೆ. ಎರಡೂ ಕೈಯ ಬೆರಳು, ಮಣಿಕಟ್ಟು ಒಟ್ಟಿಗೆ ಊದುತ್ತವೆ. ಬೆಳಗಿನ ಬಿಗಿತ ಒಂದು ಗಂಟೆ ದಾಟಿದರೂ ಹೋಗಲ್ಲ. ದೋಸೆ ಹುಯ್ಯೋಕೆ ಸೌಟು ಹಿಡಿಯೋದೇ ಕಷ್ಟ ಅನ್ನೋ ಹಂಗಾಗುತ್ತೆ. ಇದಕ್ಕೆ ತಡ ಮಾಡಬಾರದು. ಬೇಗ ಔಷಧ ಶುರು ಮಾಡಿದ್ರೆ ಕೀಲು ಸೊಟ್ಟ ಆಗೋದನ್ನ ತಡೀಬಹುದು. ಒಂದು ಎಚ್ಚರಿಕೆ: ಇದಕ್ಕೆ ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನ ವಾರಕ್ಕೆ ಒಂದೇ ದಿನ ತಗೊಳ್ಳೋದು. ದಿನಾ ತಗೊಂಡ್ರೆ ಜೀವಕ್ಕೇ ಅಪಾಯ. ಮನೆಯಲ್ಲಿ ಯಾರಾದ್ರೂ ತಗೊಳ್ತಿದ್ರೆ ಆ ದಿನವನ್ನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಗೌಟ್: ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ ಕೀಲಿನಲ್ಲಿ ಹರಳು ಕಟ್ಟಿ ಬರುವ ನೋವು. ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಾಗಿ ಊದಿ, ಹೊದಿಕೆ ತಾಗಿದ್ರೂ ಚೀರೋ ಹಾಗಾಗುತ್ತೆ. ಬಿಯರು, ಲಿವರ್, ಕಿಡ್ನಿಯಂಥ ಮಾಂಸ ಇದನ್ನ ಹೆಚ್ಚಿಸುತ್ತೆ.

ಚಿಕೂನ್‌ಗುನ್ಯಾ ನಂತರದ ನೋವು: 2006ರಲ್ಲಿ ರಾಜ್ಯದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಚಿಕೂನ್‌ಗುನ್ಯಾ ಪ್ರಕರಣ ದಾಖಲಾಗಿದ್ದವು. 'ಆ ಜ್ವರ ಬಂದಾಗಿನಿಂದ ಕಾಲು ಸರಿ ಇಲ್ಲ' ಅನ್ನೋರು ಇವತ್ತಿಗೂ ಸಿಗ್ತಾರೆ. ಹೆಚ್ಚಿನವರಿಗೆ ಕೆಲವು ವಾರದಲ್ಲಿ ಕಡಿಮೆ ಆಗುತ್ತೆ, ಕೆಲವರಿಗೆ ತಿಂಗಳು, ವರ್ಷಗಟ್ಟಲೆ ಉಳಿಯುತ್ತೆ. ಜ್ವರ ಬಿಟ್ಟು 3 ತಿಂಗಳಾದ್ರೂ ಕೀಲು ಊದೋದು ನಿಂತಿಲ್ಲ ಅಂದ್ರೆ ಡಾಕ್ಟರಿಗೆ ತೋರಿಸಲೇಬೇಕು.

ಹಂದಿಗೋಡು ಕಾಯಿಲೆ ಬೇರೆಯೇ

ಕೀಲು ನೋವಿನ ವಿಷಯ ಬಂದಾಗ ನಮ್ಮ ತಾಲೂಕಿನ ಹೆಸರು ವೈದ್ಯಕೀಯ ಪುಸ್ತಕಗಳಲ್ಲೂ ಇದೆ ಅನ್ನೋದನ್ನ ಮರೆಯಂಗಿಲ್ಲ. 1970ರ ದಶಕದ ಮಧ್ಯದಲ್ಲಿ ಹಂದಿಗೋಡಿನಲ್ಲಿ, ಮುಖ್ಯವಾಗಿ ದಲಿತ ಕುಟುಂಬಗಳಲ್ಲಿ, ಸೊಂಟ ಮತ್ತು ಮಂಡಿ ಕೀಲು ಹಾಳಾಗಿ ನಡೆಯೋಕೇ ಆಗದ ಕಾಯಿಲೆ ಬೆಳಕಿಗೆ ಬಂತು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣ ಇರಬಹುದು ಅಂತ ಮೊದಮೊದಲು ಶಂಕೆ ಇತ್ತು. ಮುಂದಿನ ಸಂಶೋಧನೆಗಳಲ್ಲಿ ಇದು ವಂಶವಾಹಿನಿಂದ ಬರುವ ಮೂಳೆ ಬೆಳವಣಿಗೆಯ ದೋಷ ಅಂತ ಗೊತ್ತಾಯ್ತು. ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಮಕ್ಕಳಿಗೆ ಬರಬಹುದು.

ಇದು ಅಂಟು ರೋಗ ಅಲ್ಲ. ಊಟ, ನೀರಿನಿಂದ ಹರಡಲ್ಲ. ವಯಸ್ಸಾದವರ ಸವೆತದ ಜೊತೆ ಇದನ್ನ ಸೇರಿಸಿ ನೋಡಬಾರದು. ಕುಟುಂಬದಲ್ಲಿ ಈ ಕಾಯಿಲೆ ಇದ್ದು, ಹುಡುಗ ಹುಡುಗಿಯರು ಸೊಂಟ ನೋವು, ಕುಂಟುವುದು ಅಂದ್ರೆ 'ಆಟ ಆಡಿ ಬಿದ್ದಿರಬೇಕು' ಅಂತ ಬಿಡದೆ ಬೇಗ ಮೂಳೆ ತಜ್ಞರಿಗೆ ತೋರಿಸಬೇಕು.

ಈ ಲೇಖನದಲ್ಲಿ ಮುಂದೆ ಹೇಳೋದು ಮುಖ್ಯವಾಗಿ ಸವೆತದ ಮಂಡಿ ನೋವಿನ ಬಗ್ಗೆ.

ಓಡಾಡಿದ್ರೆ ಇನ್ನೂ ಸವೆಯಲ್ವಾ?

ಎಲ್ಲರ ಪ್ರಶ್ನೆ ಇದು. ಬೈಕಿನ ಬ್ರೇಕ್ ಶೂ ಥರ ಮಂಡಿ ಬಳಸಿದಷ್ಟೂ ಸವೆಯುತ್ತೆ ಅಂತ ಅಂದ್ಕೊಂಡಿರ್ತೀವಿ. ಆದರೆ ಮಂಡಿ ಜೀವ ಇರೋ ಅಂಗ, ಬಿಡಿಭಾಗ ಅಲ್ಲ.

ಕೋಳಿ ಕಾಲಿನ ಕೀಲು ಬಿಡಿಸಿದಾಗ ಮೂಳೆ ತುದಿಯಲ್ಲಿ ಬಿಳಿಯಾಗಿ, ನುಣುಪಾಗಿ ಒಂದು ಪದರ ಕಾಣುತ್ತಲ್ಲ, ನಮ್ಮ ಮಂಡಿಯಲ್ಲೂ ಅದೇ ಇರೋದು. ಇದಕ್ಕೆ ಮೃದ್ವಸ್ಥಿ ಅಂತಾರೆ. ಇದರೊಳಗೆ ರಕ್ತನಾಳ ಇಲ್ಲ. ಹಂಗಾದ್ರೆ ಇದಕ್ಕೆ ಆಹಾರ ಎಲ್ಲಿಂದ? ಕೀಲಿನೊಳಗಿನ ಅಂಟು ದ್ರವದಿಂದ. ಕಾಲು ಊರಿದಾಗ ಪದರ ಒತ್ತಿಕೊಳ್ಳುತ್ತೆ, ಎತ್ತಿದಾಗ ಸಡಿಲ ಆಗುತ್ತೆ. ಸ್ಪಂಜನ್ನ ನೀರಲ್ಲಿ ಹಿಂಡಿ ಬಿಟ್ಟ ಹಾಗೆ ದ್ರವ ಒಳಗೆ ಹೊರಗೆ ಆಗ್ತಾ ಪೋಷಣೆ ಸಿಗುತ್ತೆ. ಕಾಲು ಆಡಿಸದಿದ್ರೆ ಅದಕ್ಕೂ ಊಟ ಇಲ್ಲ.

ಇನ್ನೊಂದು ಕಾರಣ ತೊಡೆ. ನಡೆಯುವಾಗ ಬೀಳುವ ಹೊಡೆತವನ್ನ ಮೊದಲು ತಡೆಯೋದು ತೊಡೆಯ ಮುಂಭಾಗದ ಸ್ನಾಯು. ಕೂತೇ ಇದ್ರೆ ಅದು ತೆಳ್ಳಗಾಗುತ್ತೆ. ಆಗ ಪೂರ್ತಿ ಭಾರ ಕೀಲಿಗೇ ಬೀಳುತ್ತೆ. ನೋವು ಅಂತ ಕೂತರು, ಕೂತಿದ್ದಕ್ಕೆ ಸ್ನಾಯು ಸೋತಿತು, ಸ್ನಾಯು ಸೋತಿದ್ದಕ್ಕೆ ನೋವು ಹೆಚ್ಚಾಯ್ತು. ಈ ಸುತ್ತು ಮುರಿಯೋಕೆ ಇರೋ ದಾರಿ ಕಾಲು ಆಡಿಸೋದೇ.

ಅಂಗಡಿಯಲ್ಲೇ ಮಾಡ್ಬಹುದಾದ 4 ವ್ಯಾಯಾಮ

ಜಿಮ್ ಬೇಡ, ದುಡ್ಡು ಬೇಡ. ಒಂದು ಗಟ್ಟಿ ಕುರ್ಚಿ ಸಾಕು. ಪ್ಲಾಸ್ಟಿಕ್ ಕುರ್ಚಿ ಆದ್ರೆ ಗೋಡೆಗೆ ಒತ್ತಿ ಇಡಿ, ಜಾರಬಾರದು.

1. ಕುರ್ಚಿಯಲ್ಲಿ ನೆಟ್ಟಗೆ ಕೂತು ಒಂದು ಕಾಲನ್ನ ನೇರ ಮುಂದಕ್ಕೆ ಚಾಚಿ. ಪಾದವನ್ನ ನಿಮ್ಮ ಕಡೆ ಎಳೆದುಕೊಳ್ಳಿ. ತೊಡೆ ಬಿಗಿ ಆಗಿದ್ದು ಗೊತ್ತಾಗಬೇಕು. 5 ಎಣಿಸಿ ನಿಧಾನ ಇಳಿಸಿ. ಒಂದೊಂದು ಕಾಲಿಗೆ 10 ಸಲ. ಗಿರಾಕಿ ಇಲ್ಲದ ಮಧ್ಯಾಹ್ನ ಹೊತ್ತಲ್ಲಿ ಇದನ್ನ ಮಾಡ್ಬಹುದು.

2. ಮಂಚದ ಮೇಲೆ ಕಾಲು ಚಾಚಿ ಕೂತು ಮಂಡಿ ಕೆಳಗೆ ಸುತ್ತಿದ ಟವೆಲ್ ಇಡಿ. ಮಂಡಿಯಿಂದ ಟವೆಲನ್ನ ಕೆಳಕ್ಕೆ ಒತ್ತಿ 5 ಎಣಿಸಿ ಬಿಡಿ. 10 ಸಲ. ನೋವು ಜೋರಾಗಿರೋರು ಇದರಿಂದಲೇ ಶುರು ಮಾಡಿ.

3. ಕುರ್ಚಿಯಿಂದ ಕೈ ಊರದೆ ಎದ್ದು ನಿಂತು, ಮತ್ತೆ ನಿಧಾನ ಕೂರಿ. ದೊಪ್ಪಂತ ಬೀಳಬಾರದು. ಕೈ ಊರದೆ ಆಗಲ್ಲ ಅಂದ್ರೆ ಮೊದಲ ವಾರ ಊರಿಕೊಳ್ಳಿ, ಅಥವಾ ಕುರ್ಚಿ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡ್ಕೊಳ್ಳಿ. 5 ಸಲದಿಂದ ಶುರು.

4. ಕೌಂಟರ್ ಹಿಡಿದು ನಿಂತು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲಿ, ಇಳಿಯಿರಿ. 10 ಸಲ. ಆಮೇಲೆ ಹಾಗೇ ಹಿಡಿದುಕೊಂಡು ಒಂದೊಂದೇ ಕಾಲನ್ನ ಪಕ್ಕಕ್ಕೆ ಎತ್ತಿ ಇಳಿಸಿ. ಇದು ಸೊಂಟದ ಪಕ್ಕದ ಸ್ನಾಯುವಿಗೆ.

ಎಷ್ಟು ಮಾಡಿದ್ರೆ ಜಾಸ್ತಿ ಆಯ್ತು ಅಂತ ಗೊತ್ತಾಗೋದು ಹೇಗೆ? ಫಿಸಿಯೋಥೆರಪಿಯವರು ಹೇಳುವ ಸುಲಭ ಲೆಕ್ಕ ಇದೆ: 2 ಗಂಟೆ ಲೆಕ್ಕ. ಮಾಡುವಾಗ ಸ್ವಲ್ಪ ನೋವು ಬಂದ್ರೆ ಹೆದರಬೇಡಿ. ಮುಗಿಸಿ 2 ಗಂಟೆ ಆದಮೇಲೂ ನೋವು ಮೊದಲಿಗಿಂತ ಹೆಚ್ಚೇ ಇದ್ರೆ, ಅಥವಾ ಮಾರನೇ ದಿನ ಮಂಡಿ ಊದಿದ್ರೆ ಜಾಸ್ತಿ ಆಗಿದೆ ಅಂತ ಅರ್ಥ. ಬಿಟ್ಟುಬಿಡಬೇಡಿ, ಕಡಿಮೆ ಮಾಡಿ.

ಒಂದು ವಾರಕ್ಕೆ ಫಲಿತಾಂಶ ಕೇಳಬೇಡಿ. ಸ್ನಾಯು ಗಟ್ಟಿ ಆಗೋಕೆ 6ರಿಂದ 8 ವಾರ ಬೇಕು. ಬಹಳ ಜನ ಹತ್ತು ದಿನ ಮಾಡಿ 'ಏನೂ ಉಪಯೋಗ ಇಲ್ಲ' ಅಂತ ಬಿಡೋದು ಇಲ್ಲೇ.

ನಡಿಗೆ, ಅದರಲ್ಲೂ ಮಳೆಗಾಲದಲ್ಲಿ

ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ ಅಂತ ಇಟ್ಕೊಳ್ಳಿ. ಒಂದೇ ಸಲ ಆಗಬೇಕಂತಿಲ್ಲ. ಅಂಗಡಿ ತೆಗೆಯೋ ಮುಂಚೆ 10, ಮಧ್ಯಾಹ್ನ 10, ಸಂಜೆ 10 ನಿಮಿಷ ಆದ್ರೂ ಲೆಕ್ಕಕ್ಕೆ ಬರುತ್ತೆ. ಗಣಪತಿ ಕೆರೆ ಕಡೆ ಆಗಲಿ, ಮನೆ ಹತ್ತಿರದ ಶಾಲಾ ಮೈದಾನ ಆಗಲಿ, ಸಮತಟ್ಟು ಜಾಗ ಮುಖ್ಯ. ಶುರುವಿನಲ್ಲೇ ಗುಡ್ಡ ಹತ್ತೋಕೆ ಹೋಗಬೇಡಿ.

ನಮ್ಮಲ್ಲಿ ಜೂನ್ ಬಂತು ಅಂದ್ರೆ ಹೊರಗೆ ಕಾಲಿಡೋದೇ ಕಷ್ಟ. ನಾಲ್ಕು ತಿಂಗಳು ನಡಿಗೆ ನಿಂತರೆ ಬೇಸಿಗೆಯಲ್ಲಿ ಗಳಿಸಿದ ಸ್ನಾಯು ಪೂರ್ತಿ ಹೋಗುತ್ತೆ. ಮನೆ ಜಗಲಿ, ಹಜಾರ, ಅಂಗಡಿ ಗೋಡೌನಿನ ಒಳಗೇ ಗಡಿಯಾರ ನೋಡ್ಕೊಂಡು 10 ನಿಮಿಷ ಓಡಾಡಿ. ಪಾಚಿ ಕಟ್ಟಿದ ಅಂಗಳ, ಸವೆದ ಹವಾಯಿ ಚಪ್ಪಲಿ ಎರಡರಿಂದಲೂ ದೂರ ಇರಿ. ನೋವಿರುವ ಕಾಲು ಜಾರಿದ್ರೆ ಸೊಂಟದ ಮೂಳೆವರೆಗೂ ಹೋಗುತ್ತೆ.

ಚಳಿ, ಥಂಡಿಗೆ ಕೀಲು ಬಿಗಿದಾಗ ಬಿಸಿನೀರಿನ ಚೀಲ ಅಥವಾ ಬಿಸಿ ಬಟ್ಟೆಯ ಶಾಖ 15ರಿಂದ 20 ನಿಮಿಷ ಕೊಟ್ಟು ಆಮೇಲೆ ವ್ಯಾಯಾಮ ಮಾಡಿ. ಕೀಲು ಊದಿ ಬಿಸಿಯಾಗಿದ್ರೆ ಮಾತ್ರ ಬಟ್ಟೆಯಲ್ಲಿ ಸುತ್ತಿದ ಐಸು. ಶುಗರ್ ಇದ್ದು ಪಾದಕ್ಕೆ ಸ್ಪರ್ಶ ಗೊತ್ತಾಗದವರು ಶಾಖ ಕೊಡುವಾಗ ಕೈಯಲ್ಲಿ ಮುಟ್ಟಿ ನೋಡಿ, ಸುಟ್ಟ ಗಾಯ ಆದೀತು.

ಕೂರೋ ರೀತಿ, ಕೆಲಸದ ರೀತಿ

ಮಂಡಿಗೆ ಅತಿ ಹೆಚ್ಚು ಒತ್ತಡ ಬೀಳೋದು ಪೂರ್ತಿ ಮಡಚಿ ಕುಕ್ಕರಗಾಲಲ್ಲಿ ಕೂತಾಗ. ಆರೋಗ್ಯವಾಗಿರುವ ಮಂಡಿಗೆ ಇದು ಕೆಟ್ಟದ್ದಲ್ಲ. ಸವೆದ ಮಂಡಿಗೆ ಗಂಟೆಗಟ್ಟಲೆ ಕಷ್ಟ.

ಅಡಿಕೆ ಸುಲಿಯೋರು: ಸೀಸನ್ನಲ್ಲಿ ಮೆಟ್ಟುಗತ್ತಿ ಮುಂದೆ ಬೆಳಗಿನಿಂದ ರಾತ್ರಿವರೆಗೂ ಕೂರಬೇಕು. ಕೊನೆ ಪಕ್ಷ ಮುಕ್ಕಾಲು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು, ಕಾಲು ಚಾಚಿ ಮಡಚಿ ಮತ್ತೆ ಕೂರಿ. ಕೂರೋ ಮಣೆ ಎತ್ತರ ಮಾಡಿ, ಕತ್ತಿಯ ಎತ್ತರವನ್ನೂ ಅದಕ್ಕೆ ಸರಿಯಾಗಿ ಏರಿಸಿಕೊಂಡ್ರೆ ಮಂಡಿ ಮಡಚೋದು ಕಡಿಮೆ ಆಗುತ್ತೆ. ಸುಲಿಸುವ ಮನೆಯವರು ಈ ವ್ಯವಸ್ಥೆ ಮಾಡಿಕೊಡಬೇಕು. ಕೂಲಿ ಲೆಕ್ಕ ಸುಲಿದ ಅಡಿಕೆ ಮೇಲೆ ಇರೋದ್ರಿಂದ ಕೆಲಸದವರು ತಾವಾಗೇ ಏಳಲ್ಲ.

ನೆಲದ ಮೇಲೆ ಕೂತು ಕೆತ್ತುವ ಗುಡಿಗಾರರು, ಗಾದಿ ಮೇಲೆ ಕೂತು ಲೆಕ್ಕ ಬರೆಯುವವರಿಗೂ ಇದೇ ಮಾತು.

ನಿಂತು ಕೆಲಸ ಮಾಡೋರು: ಹೋಟೆಲ್ ಅಡುಗೆಯವರು, ಕಟಿಂಗ್ ಶಾಪಿನವರು, ಬಟ್ಟೆ ಅಂಗಡಿ ಹುಡುಗಿಯರು. ಸಿಮೆಂಟು, ಟೈಲ್ಸ್ ಮೇಲೆ ಬರಿಗಾಲಲ್ಲಿ ನಿಲ್ಲೋ ಬದಲು ದಪ್ಪ ರಬ್ಬರ್ ಮ್ಯಾಟ್ ಅಥವಾ ಮೆತ್ತನೆ ಚಪ್ಪಲಿ ಬಳಸಿ. ಮಾಲೀಕರು ಒಂದು ಎತ್ತರದ ಸ್ಟೂಲ್ ಹಾಕಿಕೊಟ್ರೆ ಗಿರಾಕಿ ಇಲ್ಲದಾಗ ಕೂರಬಹುದು. ಇದು ಅಂಗಡಿಗಳಲ್ಲಿ ಕೆಲಸ ಮಾಡೋರ ಹಕ್ಕು ಅನ್ನೋ ಥರ ನೋಡಬೇಕಾದ ವಿಷಯ.

ಕಿರಾಣಿ, ಗೊಬ್ಬರದ ಅಂಗಡಿಯವರು: ಚೀಲ ಹೊರೋದಕ್ಕೆ ಒಂದು ಕೈಗಾಡಿ ಇಟ್ಕೊಳ್ಳಿ. ಶಟರ್ ಬಿಗಿ ಇದ್ರೆ ಎಣ್ಣೆ ಬಿಡಿಸಿ. ಕೊಕ್ಕೆ ಇರೋ ಕಬ್ಬಿಣದ ಸರಳಿನಿಂದ ಎರಡೂ ಕೈಯಲ್ಲಿ ಎಳೀರಿ.

ಶೌಚಾಲಯ: ಮಂಡಿ ನೋವಿನವರಿಗೆ ದಿನದ ಅತಿ ಕಷ್ಟದ ಹೊತ್ತು ಇದೇ. ಹೊರಗೆ ಹೇಳ್ಕೊಳ್ಳಲ್ಲ ಅಷ್ಟೇ. ವಯಸ್ಸಾದ ಹೆಂಗಸರು ಎದ್ದು ಕೂರೋಕೆ ಆಗಲ್ಲ ಅಂತ ನೀರು ಕುಡಿಯೋದನ್ನೇ ಕಡಿಮೆ ಮಾಡೋದುಂಟು. ಕಮೋಡ್ ಕಟ್ಟಿಸೋಕೆ ಆಗದಿದ್ರೆ ಈಗಿರುವ ಗುಂಡಿಯ ಮೇಲೇ ಇಡುವ ಕಮೋಡ್ ಕುರ್ಚಿ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತೆ. ಗೋಡೆಗೆ ಒಂದು ಹಿಡಿ ಹಾಕಿಸಿ.

ಮೆಟ್ಟಿಲು: ಹತ್ತುವಾಗ ಚೆನ್ನಾಗಿರೋ ಕಾಲು ಮೊದಲು, ಇಳಿಯುವಾಗ ನೋವಿರೋ ಕಾಲು ಮೊದಲು. ಊರುಗೋಲನ್ನ ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡೀಬೇಕು. ಬಲ ಮಂಡಿ ನೋವಾದ್ರೆ ಕೋಲು ಎಡಗೈಲಿ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು.

ತೂಕ: 1 ಕೆಜಿ ಇಳಿದ್ರೆ ಮಂಡಿಗೆ 4 ಕೆಜಿ ಲಾಭ

ದೇಹದ ತೂಕ 1 ಕೆಜಿ ಇಳಿದ್ರೆ ಇಡುವ ಪ್ರತಿ ಹೆಜ್ಜೆಯಲ್ಲೂ ಮಂಡಿ ಮೇಲಿನ ಭಾರ ಸುಮಾರು 4 ಕೆಜಿ ಕಡಿಮೆ ಆಗುತ್ತೆ ಅನ್ನೋದು ಅಧ್ಯಯನದಲ್ಲಿ ಕಂಡಿದೆ. 5 ಕೆಜಿ ಇಳಿಸಿದವರ ಮಂಡಿಗೆ ಪ್ರತಿ ಹೆಜ್ಜೆಗೂ 20 ಕೆಜಿ ಉಳಿತಾಯ. ವ್ಯಾಪಾರಿಗಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿಯಲ್ಲಿ ಕೂತೋರಿಗೆ ಟೀ ಲೆಕ್ಕ ತಪ್ಪುತ್ತೆ. ದಿನಕ್ಕೆ 6 ಟೀ, ಒಂದೊಂದಕ್ಕೆ 2 ಚಮಚ ಸಕ್ಕರೆ ಅಂದ್ರೆ 12 ಚಮಚ, ಹತ್ತಿರ ಹತ್ತಿರ 50 ಗ್ರಾಂ. ಜೊತೆಗೆ ಬಿಸ್ಕೆಟ್, ಬೋಂಡಾ. ಮೊದಲು ಇದನ್ನ ಅರ್ಧ ಮಾಡಿ.

ಬದನೆಕಾಯಿ, ಆಲೂಗಡ್ಡೆ ವಾಯು, ಮಂಡಿ ನೋವಿಗೆ ಆಗಲ್ಲ ಅನ್ನೋ ಮಾತಿದೆ. ಇವು ಕೀಲು ಸವೆಸುತ್ತವೆ ಅನ್ನೋದಕ್ಕೆ ಪುರಾವೆ ಇಲ್ಲ. ಗೌಟ್ ಇರೋರು ಮಾತ್ರ ಪಥ್ಯವನ್ನ ಡಾಕ್ಟರ್ ಹತ್ರ ಕೇಳಿ ಮಾಡಿ.

ಮಾತ್ರೆ ಅಂಗಡಿಯ ನೋವಿನ ಮಾತ್ರೆ

ಇಲ್ಲಿ ನಮ್ಮ ಮನೆಯ ವಿಷಯವನ್ನೇ ಹೇಳ್ತೀನಿ. ನಮ್ಮಮ್ಮ ಎರಡು ಅಡಿಕೆ ಸೀಸನ್ ಪೂರ್ತಿ ಸಂಜೆ ಹೊತ್ತಿಗೆ ಒಂದು ನೋವಿನ ಮಾತ್ರೆ ನುಂಗಿ ಮಾರನೇ ದಿನ ಮತ್ತೆ ಸುಲಿಯೋಕೆ ಹೋಗ್ತಿದ್ರು. ಬಿಪಿ ಮಾತ್ರೆಯೂ ನಡೀತಿತ್ತು. ಔಷಧಿ ಅಂಗಡಿಯಲ್ಲಿ ಚೀಟಿ ಕೇಳಲಿಲ್ಲ, ಬಿಪಿ ಇದೆಯಾ ಅಂತಲೂ ಕೇಳಲಿಲ್ಲ. ಕಾಲು ಊದ್ತಿದೆ ಅಂತ ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ ಏರಿತ್ತು. ಡಾಕ್ಟರು ಮೊದಲು ನಿಲ್ಲಿಸಿದ್ದು ಆ ಮಾತ್ರೆಯನ್ನ. ಪುಣ್ಯಕ್ಕೆ ಆಮೇಲೆ ಇಳೀತು. ಎಲ್ಲರಿಗೂ ಇಳಿಯುತ್ತೆ ಅಂತ ಹೇಳೋಕಾಗಲ್ಲ.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳು ನೋವು ತಗ್ಗಿಸೋದು ನಿಜ. ಆದರೆ ದಿನಾ, ತಿಂಗಳುಗಟ್ಟಲೆ ತಗೊಂಡ್ರೆ ಹೊಟ್ಟೆ ಹುಣ್ಣು, ರಕ್ತಸ್ರಾವ, ಕಿಡ್ನಿ ತೊಂದರೆ, ಬಿಪಿ ಏರಿಕೆ ಆಗಬಹುದು. ಬಿಪಿ, ಶುಗರ್, ಹೃದಯ, ಕಿಡ್ನಿ ತೊಂದರೆ ಇರೋರಿಗೆ ಅಪಾಯ ಜಾಸ್ತಿ. ಡಾಕ್ಟರ್ ಹೇಳಿದಷ್ಟು ದಿನ, ಊಟ ಆದಮೇಲೆ, ಅಷ್ಟೇ. ಮಂಡಿ ನೋವಿಗೆ ಮೊದಲು ಹಚ್ಚುವ ಜೆಲ್ ಬಳಸಿ ನೋಡೋದು ಉತ್ತಮ ಅಂತ ಮಾರ್ಗಸೂಚಿಗಳೂ ಹೇಳುತ್ತವೆ. ಜೆಲ್ಲಿನ ಔಷಧ ರಕ್ತಕ್ಕೆ ಸೇರೋದು ಬಹಳ ಕಡಿಮೆ.

ಅದಕ್ಕಿಂತ ಹೆಚ್ಚಿನ ಅಪಾಯ ಹೆಸರಿಲ್ಲದ ಪುಡಿ, ಲೇಬಲ್ ಇಲ್ಲದ ಗುಳಿಗೆ. 'ಮೂರೇ ದಿನದಲ್ಲಿ ನೋವು ಮಾಯ' ಅಂದ್ರೆ ಅನುಮಾನ ಪಡಿ. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ದೇಶದಲ್ಲಿ ಹಲವು ಕಡೆ ಪತ್ತೆ ಆಗಿದೆ. ಮೊದಲು ಮ್ಯಾಜಿಕ್ ಥರ ಗುಣ ಕಾಣುತ್ತೆ. ಆಮೇಲೆ ಮುಖ ಊದೋದು, ಶುಗರ್ ಏರೋದು, ಮೂಳೆ ಟೊಳ್ಳಾಗೋದು. ಬಹಳ ದಿನ ತಗೊಂಡವರು ಒಮ್ಮೆಲೇ ನಿಲ್ಲಿಸೋದೂ ಅಪಾಯ. ಪುಡಿಯನ್ನ ಜೊತೆಗೆ ತಗೊಂಡೇ ಡಾಕ್ಟರ್ ಹತ್ರ ಹೋಗಿ. ಯಾವ ಪದ್ಧತಿಯ ಔಷಧ ಆದ್ರೂ ತಯಾರಕರ ಹೆಸರು, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್ ನೋಡಿ ತಗೊಳ್ಳಿ.

ಆಪರೇಷನ್ ಯಾವಾಗ, ಖರ್ಚು ಹೇಗೆ?

ಎಕ್ಸ್‌ರೇಯಲ್ಲಿ ಸವೆತ ಕಂಡ ಮಾತ್ರಕ್ಕೆ ಆಪರೇಷನ್ ಬೇಕಂತಿಲ್ಲ. ಎಕ್ಸ್‌ರೇ ಕೆಟ್ಟದಾಗಿದ್ದೂ ಆರಾಮಾಗಿ ನಡೆಯೋರಿದ್ದಾರೆ. ವ್ಯಾಯಾಮ, ತೂಕ, ಔಷಧ ಎಲ್ಲಾ ಸರಿಯಾಗಿ ಮಾಡಿದ್ರೂ ರಾತ್ರಿ ನಿದ್ದೆ ಬರದಷ್ಟು ನೋವು, ಮನೆಯೊಳಗೆ ನಡೆಯೋಕೂ ಆಗದ ಸ್ಥಿತಿ ಇದ್ರೆ ಆಗ ಮಂಡಿ ಬದಲಾವಣೆಯ ಮಾತು. ಅಟಲ್ ಬಿಹಾರಿ ವಾಜಪೇಯಿ ಅವರು ಪ್ರಧಾನಿಯಾಗಿದ್ದಾಗಲೇ 2000 ಮತ್ತು 2001ರಲ್ಲಿ ಮುಂಬೈನಲ್ಲಿ ಎರಡೂ ಮಂಡಿಗೆ ಈ ಆಪರೇಷನ್ ಮಾಡಿಸಿಕೊಂಡಿದ್ದರು. ಇದರ ಹೆಸರು ಜನಕ್ಕೆ ಪರಿಚಯ ಆಗಿದ್ದೇ ಆಗ.

2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ನಿಗದಿ ಆಗಿದ್ದು 54,720 ರೂ. ಮತ್ತು ತೆರಿಗೆ. ಇದು ಬರೀ ಕೃತಕ ಕೀಲಿನ ಬೆಲೆ. ಆಸ್ಪತ್ರೆ, ಡಾಕ್ಟರ್, ರೂಮಿನ ಖರ್ಚು ಬೇರೆ. ಬಿಲ್ಲಿನಲ್ಲಿ ಕೀಲಿನ ಬೆಲೆ, ಕಂಪನಿ ಹೆಸರು, ಬ್ಯಾಚ್ ನಂಬರ್ ಬೇರೆ ಬೇರೆ ಬರೆದುಕೊಡಿ ಅಂತ ಕೇಳಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ ಸಿಗುತ್ತೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮಿತಿ. ನಿಮ್ಮ ಚಿಕಿತ್ಸೆ ಯೋಜನೆಯಲ್ಲಿ ಬರುತ್ತಾ, ಎಲ್ಲಿ ಮಾಡ್ತಾರೆ ಅನ್ನೋದನ್ನ ದುಡ್ಡು ಕಟ್ಟೋಕೆ ಮುಂಚೆಯೇ ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ರ ವಿಚಾರಿಸಿ. ರೇಷನ್ ಕಾರ್ಡ್, ಆಧಾರ್ ತಗೊಂಡು ಹೋಗಿ. ಸಾಗರದ ಉಪವಿಭಾಗೀಯ ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯ ಇದ್ರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ದಿನನಿತ್ಯದ ಮಾತ್ರೆ, ಜೆಲ್ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತೆ.

ಇವು ಕಂಡ್ರೆ ಕಾಯಬೇಡಿ

- ಜ್ವರದ ಜೊತೆ ಒಂದೇ ಕೀಲು ಕೆಂಪಾಗಿ, ಬಿಸಿಯಾಗಿ ಊದಿದ್ರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೀಲಿನೊಳಗೆ ಸೋಂಕು ಇರಬಹುದು.
- ಬಿದ್ದ ಮೇಲೆ ಕಾಲು ಊರೋಕೇ ಆಗದಿದ್ರೆ.
- ಮಂಡಿ ಮಡಚಿದಲ್ಲೇ ಸಿಕ್ಕಿಹಾಕಿಕೊಂಡು ಬಿಡಿಸೋಕೆ ಆಗದಿದ್ರೆ.
- ಮೀನಖಂಡ ಒಂದೇ ಕಡೆ ಊದಿ ನೋವಿದ್ರೆ. ರಕ್ತ ಹೆಪ್ಪುಗಟ್ಟಿರಬಹುದು.
- ಬೆರಳುಗಳು ಊದಿ, ಬೆಳಗಿನ ಬಿಗಿತ ಗಂಟೆಗಟ್ಟಲೆ ಇದ್ದು ವಾರಗಳೇ ಕಳೆದಿದ್ರೆ.
- ನೋವಿನ ಮಾತ್ರೆ ತಗೊಳ್ಳುವಾಗ ಮಲ ಕಪ್ಪಾದ್ರೆ, ಮೂತ್ರ ಕಡಿಮೆ ಆದ್ರೆ.

ಸವೆದ ಮಂಡಿ ಮೊದಲಿನಂತೆ ಹೊಸದಾಗಲ್ಲ. ಹಾಗಂತ ಹೇಳಿ ಮಾರೋ ಎಣ್ಣೆ, ಪಟ್ಟಿ, ಬೆಲ್ಟಿಗೆ ದುಡ್ಡು ಹಾಕೋ ಮುಂಚೆ ಯೋಚಿಸಿ. ಆದರೆ ಅದೇ ಮಂಡಿಯಲ್ಲಿ ಇನ್ನೂ ಇಪ್ಪತ್ತು ವರ್ಷ ಅಂಗಡಿ ನಡೆಸಬಹುದು, ತೋಟಕ್ಕೆ ಹೋಗಿ ಬರಬಹುದು. ಮೇಲೆ ಹೇಳಿದ್ದರಲ್ಲಿ ಎಲ್ಲವನ್ನೂ ಒಟ್ಟಿಗೆ ಮಾಡೋಕೆ ಹೋಗಬೇಡಿ. ನಾಳೆ ಬೆಳಿಗ್ಗೆ ಅಂಗಡಿ ತೆಗೆದು ದೀಪ ಹಚ್ಚಿದ ಮೇಲೆ ಕುರ್ಚಿಯಲ್ಲಿ ಕೂತು ಒಂದೊಂದು ಕಾಲನ್ನ 10 ಸಲ ಚಾಚಿ. ಅಷ್ಟು ಸಾಕು ಶುರು ಮಾಡೋಕೆ.

(ಇದು ಸಾಮಾನ್ಯ ಮಾಹಿತಿ. ಬೇರೆ ಕಾಯಿಲೆಗೆ ಔಷಧ ತಗೊಳ್ತಿರೋರು, ಆಪರೇಷನ್ ಆದವರು ವ್ಯಾಯಾಮ ಶುರು ಮಾಡೋ ಮುಂಚೆ ನಿಮ್ಮ ವೈದ್ಯರನ್ನ ಕೇಳಿ.)